ನೆಗ್ಗಿದ ಕ್ಯಾಡಿಲ್ಯಾಕ್

ಉಡಿಗಾಲ
9 ಜೂನ್ 2025

ಮಾವನವರಿಗೆ ರಂಜಿನಿಯ ನಮಸ್ಕಾರಗಳು.

ನಾಲ್ಕು ವರ್ಷದ ಮೇಲೆ ಈ ಕೈಬರಹ ನೋಡಿ ಗಾಬರಿಯಾಗಬೇಡಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನ್ ಮಾಡಬಹುದಿತ್ತು. ಆದರೆ ನಾನು ಫೋನಿನಲ್ಲಿ ಕೂಗಿದರೆ ಬೇಗೂರಿಗೆಲ್ಲ ಕೇಳಿಸುತ್ತದೆ, ನಿಮಗೊಬ್ಬರಿಗೆ ಬಿಟ್ಟು. ಅದಕ್ಕೇ ಕಾಗದ.

ಪ್ರಸಾದ್ ತೀರಿಹೋದ ಮೇಲೆ ನಮ್ಮಣ್ಣ ಕನಕರಾಜು ನನ್ನನ್ನು ತವರಿಗೆ ಕರೆತಂದನಲ್ಲ, ಆಗಿನಿಂದ ಚಾಮರಾಜನಗರದ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆಯ ಕರಿಕಲ್ಲು ಅಮೆರಿಕದವರ ಗೋರಿಗೆ ಹೋಗುತ್ತದೆ. ಅದರ ಮೇಲೆ ಸತ್ತವರ ಮುಖ, ಅವರ ನಾಯಿ, ಅವರ ಮನೆ, ಏನು ಕೇಳಿದರೆ ಅದನ್ನು ವಜ್ರದ ಮೊನೆಯ ಸೂಜಿಯಿಂದ ಕೆರೆದು ಬಿಡಿಸುತ್ತೇನೆ. ಮೆಷಿನ್ ಕೂಡ ಇದೆ. ಆದರೆ ಫೋಟೋ ಮಾಸಿದ್ದರೆ ಮೆಷಿನ್ ಕೈ ಎತ್ತುತ್ತದೆ, ಆಗ ನನ್ನ ಹತ್ತಿರ ಬರುತ್ತದೆ.

ಈಗ ಬಂದಿರುವುದು ಒಬ್ಬ ಅಜ್ಜನ ಕಲ್ಲು. ಅದರ ಮೇಲೆ ಅವನ ಕಾರು ಇರಬೇಕಂತೆ. ಕ್ಯಾಡಿಲ್ಯಾಕ್. ಫೋಟೋದಲ್ಲಿ ಅರ್ಧ ಕಾರು ಬಿಸಿಲಿಗೆ ಬೆಳ್ಳಗಾಗಿ ಹೋಗಿದೆ, ಇನ್ನರ್ಧಕ್ಕೆ ಅಜ್ಜನೇ ಅಡ್ಡ ನಿಂತಿದ್ದಾನೆ. ಆಫೀಸಿನ ಭಾನು ಮೇಡಂ ಇಂಟರ್ನೆಟ್ಟಿನಲ್ಲಿ ಹುಡುಕಿ ಹತ್ತು ಥರದ ಕ್ಯಾಡಿಲ್ಯಾಕ್ ತೋರಿಸಿದರು. ಯಾವುದು ಇದು ಎಂದು ನನಗೆ ತಿಳಿಯಲಿಲ್ಲ. ಆಗ ನೀವು ನೆನಪಾದಿರಿ. ಪ್ರಸಾದ್ ಹೇಳುತ್ತಿದ್ದರು, ‘ನಮ್ಮಪ್ಪನಿಗೆ ಮೊದಲ ಹೆಂಡತಿ ಕ್ಯಾಡಿಲ್ಯಾಕು, ನಮ್ಮವ್ವ ಎರಡನೆಯವಳು’ ಎಂದು. ಫೋಟೋದ ನಕಲು ಇಟ್ಟಿದ್ದೇನೆ. ಮುಂದಿನ ಜಾಲರಿ, ಹಿಂದಿನ ದೀಪ ಹೇಗಿರುತ್ತವೆ ಎಂದು ಬರೆದರೆ ಉಪಕಾರ.

ಇನ್ನೊಂದು ಮಾತು. ಜಾತಿ ಬೇರೆ ಎಂದು ನಿಮ್ಮ ನೆಂಟರೆಲ್ಲ ಮುಖ ತಿರುಗಿಸಿದಾಗ ರಿಜಿಸ್ಟರ್ ಆಫೀಸಿಗೆ ಬಂದು ನಮ್ಮ ಜೊತೆ ನಿಂತವರು ನೀವೊಬ್ಬರೇ. ಆ ಧೈರ್ಯದ ಮೇಲೆ ಕೇಳುತ್ತಿದ್ದೇನೆ. ಹೊಲದಲ್ಲಿ ಪ್ರಸಾದ್ ಸಮಾಧಿಗೆ ಕಲ್ಲು ಇಡಿಸಿದಿರಾ? ಇಡಿಸದಿದ್ದರೆ, ಒಂದು ಕಲ್ಲು ನಾನು ಮಾಡಿಕೊಡಲೇ?

ರಂಜಿನಿ

*

ಬೇಗೂರು
18 ಜೂನ್ 2025

ಚಿ. ರಂಜಿನಿಗೆ ಮರಿಮಲ್ಲಪ್ಪ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದಾಗ ಊಟಕ್ಕೆ ಕೂತಿದ್ದೆ. ಫೋಟೋ ನೋಡಿದ ಕೂಡಲೇ ಪಂಚೆಗೆ ಕೈ ಒರೆಸಿಕೊಂಡೆ. ಕೈಯಲ್ಲಿ ಗ್ರೀಸಿರಲಿಲ್ಲ, ಮುದ್ದೆ ಇತ್ತು. ಅಭ್ಯಾಸ ಎಲ್ಲಿ ಹೋಗುತ್ತೆ. ಮಗಳು ದಾನೇಶ್ವರಿ ಪಂಚೆ ನೋಡಿ ಬೈದಳು. ನನಗೆ ಕೇಳಿಸಲಿಲ್ಲ.

ಇದು ಐವತ್ತಾರರ ಮಾಡೆಲ್. ಕಣ್ಣು ಮುಚ್ಚಿಕೊಂಡು ಹೇಳ್ತೀನಿ. ಮುಂದಿನ ಬಂಪರಿನ ಮೇಲೆ ಎರಡು ಗುಂಡು ಕಾಣುತ್ತಲ್ಲ, ಅದನ್ನು ಮೊಟ್ಟೆಯ ಹಾಗೆ ಮಾಡಬೇಡ, ತುದಿ ಚೂಪಿರಲಿ. ಜಾಲರಿ ಸಣ್ಣದು, ಜರಡಿಯ ಹಾಗೆ. ಹಿಂದಿನ ದೀಪದ ಮೇಲೆ ಏಳುವ ರೆಕ್ಕೆ ಗಿಡ್ಡ. ಇಷ್ಟೆತ್ತರದ ರೆಕ್ಕೆ ಬಂದದ್ದು ಐವತ್ತೊಂಬತ್ತರಲ್ಲಿ. ಎಡಗಡೆ ಹಿಂದಿನ ದೀಪ ಇದೆಯಲ್ಲ, ಅದನ್ನು ಮೇಲಕ್ಕೆತ್ತಿದರೆ ಅದರ ಕೆಳಗೆ ಪೆಟ್ರೋಲ್ ಹಾಕುವ ಬಾಯಿ! ಹೊಸಬರು ಕಾರೆಲ್ಲ ಸುತ್ತಿ ಹುಡುಕಿ ಸೋಲುತ್ತಿದ್ದರು. ನಾನೂ ಸೋತಿದ್ದೆ.

ನನಗಾಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಗುಂಡ್ಲುಪೇಟೆ ಊಟಿ ರೋಡಿನಲ್ಲಿ ಸಿದ್ದಯ್ಯನ ಗ್ಯಾರೇಜು. ಗೂಡಲೂರಿನ ಆಚೆ ಟೀ ಎಸ್ಟೇಟಿನ ಸಾಹುಕಾರರೊಬ್ಬರ ಕ್ಯಾಡಿಲ್ಯಾಕು ಕಾಡು ದಾಟಿ ಬಂದು ನಮ್ಮ ಗ್ಯಾರೇಜಿನ ಮುಂದೆ ಉಸಿರು ಬಿಟ್ಟಿತು. ಸಾಮಾನು ಬೊಂಬಾಯಿಯಿಂದ ರೈಲಿನಲ್ಲಿ ಬರಬೇಕು. ಆ ಮಳೆಗಾಲವೆಲ್ಲ ಕಾರು ನಮ್ಮಲ್ಲೇ ಉಳಿಯಿತು. ಸಂತೆಗೆ ಬಂದವರೆಲ್ಲ ಮೊದಲು ಕಾರು ನೋಡಿ ಆಮೇಲೆ ಸಂತೆಗೆ ಹೋಗುತ್ತಿದ್ದರು. ಸಿದ್ದಯ್ಯ ಬಾಗಿಲಲ್ಲಿ ನಿಂತು, “ಮುಟ್ಬ್ಯಾಡ ಕಣ್ಲಾ, ನೋಡ್ಬುಟ್ಟು ಓಗು” ಅಂತ ಕೂಗುತ್ತಿದ್ದ. ಅಲ್ಲಿಂದಾಚೆಗೆ ಗುಂಡ್ಲುಪೇಟೆಯಲ್ಲಿ ಏನು ಚೆನ್ನಾಗಿದ್ದರೂ ಅದಕ್ಕೆ ಕ್ಯಾಡಿಲ್ಯಾಕ್ ಅಂತಲೇ ಹೆಸರು. “ಎತ್ತು ಅಂದ್ರೆ ಕ್ಯಾಡಿಲ್ಯಾಕು ಕಣ್ಲಾ ಅವು” ಅನ್ನೋರು. ಅಮೆರಿಕದಲ್ಲೂ ಜನ ಹೀಗೇ ಮಾತಾಡ್ತಾರಂತೆ, ಅಲ್ಲಿಯವರಿಗೆ ನಮ್ಮೂರಿನವರು ಹೇಳಿಕೊಟ್ಟಿರಲಾರರು.

ಚರಿತ್ರೆ ಕೇಳು. ಡೆಟ್ರಾಯಿಟ್ ಪಟ್ಟಣ ಕಟ್ಟಿದವನು ಒಬ್ಬ ಫ್ರೆಂಚಿನವನು, ಅವನ ಹೆಸರು ಕ್ಯಾಡಿಲ್ಯಾಕ್. ಅದು ಅವನ ನಿಜವಾದ ಹೆಸರಲ್ಲ. ಸಮುದ್ರ ದಾಟಿ ಬಂದವನು ತನಗೆ ತಾನೇ ಒಂದು ದೊಡ್ಡ ಮನೆತನ ಹುಟ್ಟಿಸಿಕೊಂಡು, ರಾಜಲಾಂಛನವನ್ನೂ ಕಟ್ಟಿಕೊಂಡ. ಇನ್ನೂರು ವರ್ಷದ ಮೇಲೆ ಕಾರಿನ ಕಂಪನಿಯವರು ಆ ಹೆಸರು, ಲಾಂಛನ ಎರಡನ್ನೂ ಎತ್ತಿಕೊಂಡರು. ಬಾನೆಟ್ಟಿನ ಮೇಲಿನ ಬಿಲ್ಲೆಯಲ್ಲಿ ಪುಟ್ಟ ಹಕ್ಕಿಗಳಿವೆ ನೋಡು, ಅವಕ್ಕೆ ಕೊಕ್ಕೂ ಇಲ್ಲ, ಕಾಲೂ ಇಲ್ಲ. ನೀನು ಮರೆತು ಕೊಕ್ಕು ಬಿಡಿಸಿಬಿಟ್ಟೀಯೆ.

ಹೆಸರು ಎರವಲಾದರೂ ಕಾರು ಅಪ್ಪಟ. 1908ರಲ್ಲಿ ಇಂಗ್ಲೆಂಡಿನಲ್ಲಿ ಮೂರು ಕ್ಯಾಡಿಲ್ಯಾಕ್ ತಂದು ನಟ್ಟು ಬೋಲ್ಟು ಸಮೇತ ಬಿಚ್ಚಿ, ಎಲ್ಲ ಒಂದೇ ರಾಶಿ ಹಾಕಿ ಕಲಸಿ, ಆ ರಾಶಿಯಿಂದ ಮತ್ತೆ ಮೂರು ಕಾರು ಕಟ್ಟಿದರು. ಅರ ಹಿಡಿದು ಉಜ್ಜಲಿಲ್ಲ, ಸುತ್ತಿಗೆಯಿಂದ ಬಡಿಯಲಿಲ್ಲ. ಮೂರೂ ಓಡಿದವು. ಆಗಿನ ಕಾಲಕ್ಕೆ ಒಂದು ಕಾರಿನ ಸಾಮಾನು ಇನ್ನೊಂದಕ್ಕೆ ಕೂರುತ್ತದೆ ಅನ್ನೋದೇ ಪವಾಡ. ಆವತ್ತಿನಿಂದ ‘ಲೋಕಕ್ಕೆಲ್ಲ ಮಾದರಿ’ ಅಂತ ಬಿರುದು ಹಾಕಿಕೊಂಡರು. ನಡುವೆ ಜರ್ಮನಿ, ಜಪಾನಿನ ಕಾರುಗಳು ಬಂದು ಇದರ ಹೆಸರು ಸ್ವಲ್ಪ ಮಂಕಾಯಿತು. ಈಗ ಕರೆಂಟಿನ ಕ್ಯಾಡಿಲ್ಯಾಕ್ ಬಂದಿದೆಯಂತೆ. ಮೊಮ್ಮಗಳು ನಯನಾ ಮೊಬೈಲಿನಲ್ಲಿ ತೋರಿಸಿದಳು. ಚೆನ್ನಾಗಿದೆ, ಆದರೆ ಬಿಚ್ಚೋದಕ್ಕೆ ಅದರಲ್ಲಿ ಏನೂ ಇಲ್ಲ.

ನಿನ್ನ ಅಣ್ಣನಿಂದ ಆಗಾಗ ನಿನ್ನ ಸುದ್ದಿ ಸಿಗುತ್ತಿರುತ್ತೆ. ಒಳ್ಳೆಯದಾಗಲಿ.

ಮರಿಮಲ್ಲಪ್ಪ

*

ಉಡಿಗಾಲ
27 ಜೂನ್ 2025

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹಕ್ಕಿಗೆ ನಾನು ಆಗಲೇ ಕೊಕ್ಕು ಬಿಡಿಸಿದ್ದೆ. ಪುಣ್ಯಕ್ಕೆ ಅದು ಕಾಗದದ ಮೇಲೆ, ಕಲ್ಲಿನ ಮೇಲಲ್ಲ.

ನೀವು ನಾಲ್ಕು ಪುಟ ಬರೆದಿದ್ದೀರಿ. ನಾನು ಕಡೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ. ಐದನೇ ಪುಟ ಲಕೋಟೆಯಿಂದ ಜಾರಿ ಬಿತ್ತೇನೋ ಎಂದು ಪೋಸ್ಟ್‌ಮ್ಯಾನನ್ನೂ ಕೇಳಿದೆ. ಇರಲಿ. ನಿಮ್ಮ ಹೊಲ, ನಿಮ್ಮ ಮಗ. ಕೇಳಿದ್ದನ್ನು ಮರೆತುಬಿಡಿ.

ಈಗ ಕೆಲಸದ ಮಾತು. ಕಲ್ಲಿನ ಮೇಲೆ ಚಿತ್ರ ತೆಗೆಯುವುದು ಕಾಗದದ ಮೇಲೆ ತೆಗೆದಂತಲ್ಲ ಮಾವ. ಪಾಲಿಶ್ ಹಾಕಿದ ಕಲ್ಲು ಕಪ್ಪಗೆ ಹೊಳೆಯುತ್ತಿರುತ್ತದೆ. ಸೂಜಿ ತಾಗಿದ ಜಾಗ ಬೆಳ್ಳಗಾಗುತ್ತದೆ. ಅಂದರೆ ನಾನು ಬಿಡಿಸುವುದು ಬೆಳಕನ್ನು ಮಾತ್ರ. ನೆರಳು ಬೇಕಾದ ಕಡೆ ಕೈ ತಡೆದು ಸುಮ್ಮನಿರಬೇಕು. ಒಂದು ಸಲ ಬೆಳ್ಳಗಾದದ್ದನ್ನು ಮತ್ತೆ ಕಪ್ಪು ಮಾಡುವುದಕ್ಕಾಗುವುದಿಲ್ಲ.

ಅದಕ್ಕೇ ಕೇಳುವುದು. ಬಲಗಡೆ ಮುಂದಿನ ಚಕ್ರದ ಮೇಲೆ, ಮಡ್‌ಗಾರ್ಡಿನಲ್ಲಿ, ಅಂಗೈಯಗಲ ಕಪ್ಪಗೆ ಕಾಣುತ್ತಿದೆ. ಅದು ಅಜ್ಜನ ನೆರಳೋ, ಕಾರೇ ನೆಗ್ಗಿದೆಯೋ? ನೆಗ್ಗಿದ್ದರೆ ಹಾಗೇ ಬಿಡಲೋ, ತುಂಬಿಸಲೋ?

ರಂಜಿನಿ

*

ಬೇಗೂರು
4 ಜುಲೈ 2025

ಚಿ. ರಂಜಿನಿಗೆ ಆಶೀರ್ವಾದ.

ನೆರಳಲ್ಲ, ನೆಗ್ಗೇ. ಭೂತಗನ್ನಡಿ ಇಟ್ಟು ನೋಡಿದೆ. ಯಾವುದೋ ಗೋಡೆಗೋ ಕಂಬಕ್ಕೋ ಕೊಟ್ಟಿದ್ದಾನೆ ಆ ಅಜ್ಜ. ಅಂಥಾ ಕಾರಿಟ್ಟುಕೊಂಡು ಡೆಂಟು ತೆಗೆಸದೆ ಫೋಟೋ ಹೊಡೆಸಿಕೊಂಡಿದ್ದಾನಲ್ಲ, ಸೋಮಾರಿ!

ತುಂಬಿಸು. ಯೋಚನೆಯೇ ಬೇಡ. ಕಿವಿ ಮುರಿದ ಬಸವನನ್ನು ನಾವು ಪೂಜೆಗೆ ಇಡ್ತೀವಾ? ಭಿನ್ನವಾದದ್ದನ್ನು ಕಲ್ಲಿನಲ್ಲಿ ಕೊರೆಯಬಾರದು, ಅದೂ ಸತ್ತವರ ತಲೆಯ ಮೇಲೆ. ಬದುಕಿದ್ದಾಗ ಅವನು ಮಾಡಿಸದ ರಿಪೇರಿಯನ್ನು ನೀನು ಮಾಡಿಸು. ಅಲ್ಲಿಗೆ ಹೋದ ಮೇಲಾದರೂ ಹೊಸ ಕಾರಿನಲ್ಲಿ ಓಡಾಡಲಿ. ನಾನಾಗಿದ್ದರೆ ಒಳಗಿನಿಂದ ಮರದ ಸುತ್ತಿಗೆ ಹಿಡಿದು ಮೆಲ್ಲಗೆ ತಟ್ಟಿ ಎಬ್ಬಿಸುತ್ತಿದ್ದೆ.

ಇದೇ ಕಂಪನಿಯ ಇನ್ನೊಂದು ಕಥೆ ಇದೆ. ಎಷ್ಟು ನಿಜವೋ, ಹೇಳ್ತಾರೆ. ಆ ಕಾಲದಲ್ಲಿ ಕಾರು ಸ್ಟಾರ್ಟ್ ಆಗಬೇಕಾದರೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಯಾರೋ ಹೆಂಗಸಿನ ಕಾರು ದಾರಿಯಲ್ಲಿ ನಿಂತಿತ್ತಂತೆ. ಪಾಪ ಅಂತ ಒಬ್ಬ ಇಳಿದು ಹ್ಯಾಂಡಲ್ ತಿರುಗಿಸಿದ. ಅದು ಹಿಂದಕ್ಕೆ ಹೊಡೆದು ದವಡೆ ಮುರಿಯಿತು, ಅದರಲ್ಲೇ ಅವನು ಹೋಗಿಬಿಟ್ಟ. ಕಂಪನಿ ಕಟ್ಟಿದ ಲೇಲೆಂಡ್ ಅನ್ನೋ ಮುದುಕನಿಗೆ ಅವನು ಸ್ನೇಹಿತ. ಮುದುಕ ಅಳುತ್ತಾ ಕೂರಲಿಲ್ಲ. ಇನ್ನು ಮುಂದೆ ನಮ್ಮ ಕಾರಿನಿಂದ ಯಾರೂ ಪೆಟ್ಟು ತಿನ್ನಬಾರದು ಅಂತ ಹಟ ಹಿಡಿದ. 1912ರ ಕ್ಯಾಡಿಲ್ಯಾಕಿಗೆ ಸೆಲ್ಫ್ ಸ್ಟಾರ್ಟರ್ ಬಂತು. ಕೆಟ್ಟದ್ದನ್ನು ಕೆಟ್ಟ ಹಾಗೇ ಇಟ್ಟುಕೊಂಡು ಕೂರಬಾರದು, ಸರಿಮಾಡಿ ಮುಂದೆ ಹೋಗಬೇಕು. ನಾನು ಕಲಿತಿರೋದು ಇಷ್ಟೇ. ಕಾಡುಹಂದಿ ಅಡ್ಡ ಬಂದು ಪ್ರಸಾದ ಬಿದ್ದನಲ್ಲ, ಆ ಬೈಕನ್ನೂ ನಾನೇ ಕೂತು ರಿಪೇರಿ ಮಾಡಿ, ಬಣ್ಣ ಹೊಡೆದು, ಬೇಕಾದವರಿಗೆ ಕೊಟ್ಟುಬಿಟ್ಟೆ. ಈಗ ನೋಡಿದರೆ ಅದೇ ಬೈಕು ಅಂತ ನೀನೂ ಹೇಳಲಾರೆ.

ಕನಕರಾಜು ತೆರಕಣಾಂಬಿ ಸಂತೆಯಲ್ಲಿ ಸಿಕ್ಕಿದ್ದ. ನಿನ್ನನ್ನು ನೋಡೋಕೆ ಪುಣಜನೂರಿನ ಕಡೆಯಿಂದ ಯಾರೋ ಬರ್ತಾರೆ ಅಂದ. ಒಪ್ಪಿಕೋ ತಾಯಿ. ನಮ್ಮ ಮನೆಯ ಮುಖ ನೋಡಿಕೊಂಡು ನಿಲ್ಲಬೇಡ.

ಮರಿಮಲ್ಲಪ್ಪ

*

ಉಡಿಗಾಲ
22 ಆಗಸ್ಟ್ 2025

ಮಾವನವರಿಗೆ ನಮಸ್ಕಾರಗಳು.

ಕಲ್ಲು ಮುಗಿಯಿತು. ನೀವು ಹೇಳಿದಂತೆಯೇ ಮಾಡಿದ್ದೇನೆ. ಫೋಟೋ ಇಟ್ಟಿದ್ದೇನೆ. ಇಲ್ಲಿ ಎಲ್ಲರೂ ಕ್ಷೇಮ.

ರಂಜಿನಿ

*

ಬೇಗೂರು
1 ಸೆಪ್ಟೆಂಬರ್ 2025

ಚಿ. ರಂಜಿನಿಗೆ ಆಶೀರ್ವಾದ.

ಒಂದೂವರೆ ತಿಂಗಳು ಕಾದಿದ್ದಕ್ಕೆ ಕರೆಂಟ್ ಬಿಲ್ಲಿನಷ್ಟು ಉದ್ದದ ಕಾಗದ ಬಂತು. ಕರೆಂಟ್ ಬಿಲ್ಲಿನಲ್ಲಾದರೂ ಹಿಂದುಗಡೆ ಏನಾದರೂ ಬರೆದಿರುತ್ತೆ.

ಫೋಟೋ ನೋಡಿದೆ. ಏನಂತ ಹೇಳಲಿ. ಕಲ್ಲಿನ ಮೇಲಿರೋ ಕಾರಿಗೆ ಕೀಲಿ ಕೊಟ್ಟರೆ ಹೊರಟುಬಿಡುತ್ತೇನೋ ಅನ್ನಿಸಿತು. ಆ ಮಡ್‌ಗಾರ್ಡು ನೋಡು, ಬೆಣ್ಣೆ ಸವರಿದ ಹಾಗಿದೆ. ಕಂಪನಿಯಿಂದ ಈಗ ತಾನೇ ಇಳಿಸಿದ ಹಾಗಿದೆ. ಬೇಗೂರು ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸು ಕಾಯುತ್ತಿದ್ದವರಿಗೆಲ್ಲ ತೋರಿಸಿದೆ. ಸೂರ್ಯಕಾಂತಿ ಹೊಲದಲ್ಲಿ ಫೋಟೋ ಹೊಡೆದುಕೊಳ್ಳೋಕೆ ಬಂದಿದ್ದ ಕೇರಳದವರೊಬ್ಬರಿಗೂ ತೋರಿಸಿದೆ, ಅವರು ‘ನಲ್ಲದು, ನಲ್ಲದು’ ಅಂದರು. “ಯಾರ್ ಮಾಡಿದ್ದು ಇದು?” ಅಂತ ಹೋಟೆಲಿನವನು ಕೇಳಿದ. “ನಮ್ ಸೊಸೆ ಕಣಪ್ಪ” ಅಂದೆ. ಅಂದ ಮೇಲೆ, ಇನ್ನು ಹಾಗೆ ಅನ್ನಬಹುದೋ ಇಲ್ಲವೋ ಗೊತ್ತಾಗಲಿಲ್ಲ.

ಪುಣಜನೂರಿನವರು ಬಂದಿದ್ದರೇ? ನೀನು ಬರೆಯಲಿಲ್ಲ. ನಾನು ಕೇಳಬಾರದೇನೋ. ಅವರು ನಿನ್ನನ್ನು ಕೆಲಸ ಬಿಡಿಸುವುದಾದರೆ ಮಾತ್ರ ಒಪ್ಪಬೇಡ.

ಮರಿಮಲ್ಲಪ್ಪ

*

ಉಡಿಗಾಲ
10 ಅಕ್ಟೋಬರ್ 2025

ಮಾವನವರಿಗೆ,

ಇದನ್ನು ನಿಮಗೆ ಬರೆಯಬಾರದು ಎಂದುಕೊಂಡಿದ್ದೆ. ಬರೆಯದೆ ಇರಲಾಗುತ್ತಿಲ್ಲ.

ಆ ಕಲ್ಲನ್ನು ಅವರು ಬೇಡವೆಂದರು. ಹಡಗಿಗೆ ಹಾಕುವ ಮುಂಚೆ ಫೋಟೋ ಕಳಿಸುವುದು ಪದ್ಧತಿ. ಫೋಟೋ ನೋಡಿದ ಅಜ್ಜನ ಹೆಂಡತಿ ಉತ್ತರ ಬರೆದರು. ಭಾನು ಮೇಡಂ ಅದನ್ನು ಕನ್ನಡದಲ್ಲಿ ಹೇಳಿದರು, ನಾನು ನೆನಪಿನಿಂದ ಬರೆಯುತ್ತಿದ್ದೇನೆ.

‘ಕಾರು ತುಂಬಾ ಚೆನ್ನಾಗಿದೆ. ಆದರೆ ಇದು ನಮ್ಮದಲ್ಲ. ನಮ್ಮ ಕಾರಿನ ಬಲಗಡೆ ನೆಗ್ಗಿತ್ತು. ಮದುವೆಯಾದ ಹೊಸದರಲ್ಲಿ ಅವರು ನನಗೆ ಡ್ರೈವಿಂಗ್ ಕಲಿಸುವಾಗ ನಾನೇ ಹಾಲಿನಂಗಡಿಯ ಗೋಡೆಗೆ ಗುದ್ದಿದ್ದು. ಅವರು ಆ ಕಾರಿನ ಮೇಲೆ ಒಂದು ನೊಣವನ್ನೂ ಕೂರಲು ಬಿಡುತ್ತಿರಲಿಲ್ಲ, ಭಾನುವಾರವೆಲ್ಲ ಒರೆಸುವುದೇ ಕೆಲಸ. ಆದರೂ ಆ ನೆಗ್ಗನ್ನು ಸಾಯುವ ತನಕ ತೆಗೆಸಲಿಲ್ಲ. ಯಾರಾದರೂ ಕೇಳಿದರೆ, ಕಾರೆಲ್ಲ ನನ್ನದು, ಅಷ್ಟು ಜಾಗ ನನ್ನ ಹೆಂಡತಿಯದು ಎನ್ನುತ್ತಿದ್ದರು. ಈ ಕಲ್ಲಿನಲ್ಲಿ ನಾನು ಎಲ್ಲಿದ್ದೇನೆ?’

 ನೆಗ್ಗು ಏಕೆ ತೆಗೆದೆ ಎಂದು ಫ್ಯಾಕ್ಟರಿಯಲ್ಲಿ ಕೇಳಿದರು. ನನಗೇ ತೋಚಿತು ಎಂದೆ. ನಿಮ್ಮ ಹೆಸರು ಹೇಳಲಿಲ್ಲ. ನಿಮ್ಮ ಮೇಲೆ ಕೋಪವೂ ಇಲ್ಲ. ಕಿವಿ ಮುರಿದ ಬಸವನನ್ನು ನಮ್ಮ ಮನೆಯಲ್ಲೂ ಪೂಜೆಗೆ ಇಡುವುದಿಲ್ಲ, ಸರಿ ಎನಿಸಿತು, ತುಂಬಿಸಿದೆ. ಆ ಅಜ್ಜಿಗೆ ನಮ್ಮ ಕಡೆಯ ಈ ಲೆಕ್ಕ ಹೇಗೆ ಗೊತ್ತಾಗಬೇಕು? ನಮಗಾದರೂ ಅವರದು ಹೇಗೆ ಗೊತ್ತಾಗಬೇಕು? ಈಗ ಹೊಸ ಕಲ್ಲು ಕೊಟ್ಟಿದ್ದಾರೆ. ಮೊದಲಿಂದ ಶುರುಮಾಡಿದ್ದೇನೆ.

ಮಾವ, ನನಗೆ ಕೋಪ ಇರುವುದು ಬೇರೆಯದಕ್ಕೆ. ಹೇಳಿಬಿಡುತ್ತೇನೆ. ಪ್ರಸಾದ್ ಹೋಗಿ ವರ್ಷ ತುಂಬಿದ ಪೂಜೆಗೆ ನೀವು ನನ್ನನ್ನು ಕರೆಯಲಿಲ್ಲ. ಆವತ್ತು ಸೀರೆ ಉಟ್ಟುಕೊಂಡು ಕಾದಿದ್ದೆ. ಎರಡನೇ ವರ್ಷ, ಮೂರನೇ ವರ್ಷ ಕೂಡ ಕರೆಯಲಿಲ್ಲ. ಕಲ್ಲಿನ ಮಾತು ಎತ್ತಿದರೆ ನೀವು ಇಂಗ್ಲೆಂಡಿನ ಕಥೆ ಹೇಳಿದಿರಿ. ಆಮೇಲೆ ಮದುವೆ ಮಾಡಿಕೋ ಎಂದಿರಿ. ಪುಣಜನೂರಿನವರು ಬಂದಿದ್ದರು, ಒಳ್ಳೆಯ ಜನ. ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದೇನೆ. ಮಾಡಿಕೊಳ್ಳುತ್ತೇನೋ ಬಿಡುತ್ತೇನೋ ನನಗೇ ಗೊತ್ತಿಲ್ಲ. ಆದರೆ ಆ ಬೈಕಿನ ಹಾಗೆ ನನಗೂ ಬಣ್ಣ ಹೊಡೆದು ಕಳಿಸಬೇಡಿ. ನಾನು ಪ್ರಸಾದನ ಹೆಂಡತಿಯಾಗಿದ್ದೆ. ಎರಡೇ ವರ್ಷವಾದರೂ ಆಗಿದ್ದೆ. ಅದು ನಿಮ್ಮ ಹೊಲದಲ್ಲಿ ಎಲ್ಲಿದೆ?

ಒರಟಾಗಿ ಬರೆದಿದ್ದರೆ ಕ್ಷಮಿಸಿ.

ರಂಜಿನಿ

*

ಬೇಗೂರು
15 ಅಕ್ಟೋಬರ್ 2025

ರಂಜಿನಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಯನಾ ಬಂದು, “ಯಾಕ್ ತಾತ, ಕಣ್ಣಲ್ ನೀರು?” ಅಂದಳು. ಈರುಳ್ಳಿ ಅಂದೆ. ಈರುಳ್ಳಿ ಇದ್ದದ್ದು ಅಡುಗೆಮನೆಯಲ್ಲಿ, ನಾನಿದ್ದದ್ದು ಜಗಲಿಯಲ್ಲಿ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ಸಮಾಧಿಗೆ ಕಲ್ಲು ಇಡಿಸಿಲ್ಲ. ಮಣ್ಣಿನ ದಿಬ್ಬವೇ ಇದೆ. ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಕುಸಿಯುತ್ತೆ, ನಾನು ಮತ್ತೆ ಮಣ್ಣು ಹಾಕ್ತೀನಿ. ಕಲ್ಲು ಕೆಲಸದವರನ್ನು ಎರಡು ಸಲ ಕರೆಸಿದ್ದೆ, ಎರಡು ಸಲವೂ ಕಾಫಿ ಕೊಟ್ಟು ವಾಪಸ್ ಕಳಿಸಿದೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಸಮಾಧಿಗೆ ಕಲ್ಲು ಕೂರಿಸಿದ ಮೇಲೆ ಮೊದಲ ಬಿಲ್ವಪತ್ರೆ ಹೆಂಡತಿ ಕೈಯಿಂದ ಬೀಳಬೇಕು. ಹೆಂಡತಿ ಇದ್ದೂ ಬೇರೆಯವರು ಹಾಕುವ ಹಾಗಿಲ್ಲ. ಕಲ್ಲು ಇಡಿಸಬೇಕಾದರೆ ನಿನ್ನನ್ನು ಕರೆಯಬೇಕು. ಕರೆದರೆ ನೀನು ಬರ್ತೀಯೆ. ಬಂದು ಪತ್ರೆ ಹಾಕಿದ ಮೇಲೆ ಆ ಕಲ್ಲಿಗೇ ನಿನ್ನನ್ನು ಕಟ್ಟಿಹಾಕಿದ ಹಾಗಾಗುತ್ತೆ, ಇನ್ನು ಬೇರೆ ಬದುಕು ನೋಡಿಕೊಳ್ಳಲ್ಲ ಅಂತ ನನ್ನ ತಲೆಗೆ ಹೊಕ್ಕಿತ್ತು. ವರ್ಷದ ಪೂಜೆಗೆ ಮುಂಚೆ ಕನಕರಾಜು ಬಂದಿದ್ದ. ನಾನೇ ಅವನಿಗೆ, “ಆ ಮಗೀಗೆ ಯೋಳ್ಬ್ಯಾಡ ಕಣ್ಲಾ, ಬಂದ್ರೆ ಮತ್ತೆ ಅಳ್ತದೆ” ಅಂದೆ. ನೀನು ಅಲ್ಲಿ ಸೀರೆ ಉಟ್ಟು ಕೂತಿದ್ದೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ನೀನು ಜೂನಿನಲ್ಲಿ ಕಲ್ಲಿನ ಮಾತು ಎತ್ತಿದಾಗ, ಯಾವುದೋ ಸಂಬಂಧ ಕೂಡಿಬಂದಿರಬೇಕು, ಅದಕ್ಕೆ ಮುಂಚೆ ಹಳೆಯದನ್ನು ಮುಗಿಸಿ ಹೋಗೋಣ ಅಂತ ಕೇಳ್ತಿದ್ದಾಳೆ ಅಂದುಕೊಂಡೆ. ಸರಿ ಅಂದರೆ ನಿನಗೂ ನಮಗೂ ಇದ್ದ ಒಂದೇ ಬಾಕಿ ತೀರಿಹೋಗುತ್ತೆ. ಆಮೇಲೆ ನೀನು ಕಾಗದ ಯಾಕೆ ಬರೀತೀಯೆ? ಅದಕ್ಕೇ ಕ್ಯಾಡಿಲ್ಯಾಕಿನ ಪುರಾಣ ಬಿಚ್ಚಿದೆ. ಅದು ಇನ್ನೂ ಇದೆ, ಮುಗಿದಿಲ್ಲ. ಒಂದು ಕಡೆ ನೀನು ಹೋಗಿ ಚೆನ್ನಾಗಿರಬೇಕು, ಇನ್ನೊಂದು ಕಡೆ ನೀನು ಹೋಗಬಾರದು. ಎರಡೂ ನನಗೆ ಬೇಕಾಗಿತ್ತು. ಒಂದೇ ಇಂಜಿನ್ನು ಹಿಂದಕ್ಕೂ ಮುಂದಕ್ಕೂ ಏಕಕಾಲಕ್ಕೆ ಓಡಲ್ಲ ಅಂತ ಗೊತ್ತಿದ್ದವನು ನಾನು.

ಆ ಅಜ್ಜಿಗೆ ನನ್ನ ಕಡೆಯಿಂದ ಒಂದು ಮಾತು ಬರೆಸು. ಅವರ ಯಜಮಾನರನ್ನು ಸೋಮಾರಿ ಅಂದುಬಿಟ್ಟಿದ್ದೆ. ನನಗಿಂತ ಅವರಿಗೆ ಕಾರು ಚೆನ್ನಾಗಿ ಗೊತ್ತಿತ್ತು.

ಕಲ್ಲು ಮಾಡು. ನೀನೇ ಮಾಡು, ನೀನೇ ತಗೊಂಡು ಬಾ. ನಮ್ಮ ನೆಂಟರಿಗೆ ನಾನು ಉತ್ತರ ಹೇಳ್ಕೋತೀನಿ. ಪುಣಜನೂರಿನವರಿಗೆ ಏನು ಹೇಳಬೇಕೋ ಅದು ನಿನಗೆ ಬಿಟ್ಟದ್ದು. ನಾಳೆ ನೀನು ಇನ್ನೊಂದು ಮನೆ ಸೇರಿದರೂ ವರ್ಷಕ್ಕೊಂದು ಸಲ ಈ ಹೊಲಕ್ಕೆ ಬರೋದು ನಿನ್ನ ಹಕ್ಕು, ಅಂಥದ್ದಕ್ಕೆ ಒಪ್ಪುವವನನ್ನೇ ನೋಡಿಕೋ.

ಮರಿಮಲ್ಲಪ್ಪ

*

ಉಡಿಗಾಲ
24 ಅಕ್ಟೋಬರ್ 2025

ಪ್ರೀತಿಯ ಮಾವನವರಿಗೆ,

ನಿಮ್ಮ ಕಾಗದ ಓದಿ ಜೋರಾಗಿ ಅತ್ತೆ. ಅವ್ವ ಪುಟ್ಟಸಿದ್ದಮ್ಮ ಹೆದರಿ ಅಕ್ಕಪಕ್ಕದವರನ್ನು ಕರೆದಳು. “ಏನಾಯ್ತು ಕಣಮ್ಮಿ?” ಎಂದು ಎಲ್ಲರೂ ಕೇಳುವಾಗ ನಗು ಬಂತು. ನಾಲ್ಕು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಒಳ್ಳೆಯದು ಮಾಡುತ್ತಿದ್ದೇವೆಂದುಕೊಂಡು ಸುಮ್ಮನೆ ಕೂತಿದ್ದೆವಲ್ಲ ಮಾವ.

ಅಮೆರಿಕದ ಕಲ್ಲು ಮುಗಿಯಿತು. ಈ ಸಲ ಆ ಅಂಗೈಯಗಲ ಜಾಗದಲ್ಲಿ ಸೂಜಿ ಇಡಲಿಲ್ಲ. ಸುತ್ತಲೂ ಬೆಳಕು ಕೊಟ್ಟು ಅಷ್ಟನ್ನು ಹಾಗೇ ಬಿಟ್ಟೆ. ಫೋಟೋ ನೋಡಿ ಆ ಅಜ್ಜಿ, ‘ನಾನು ಸಿಕ್ಕಿದೆ’ ಎಂದಷ್ಟೇ ಬರೆದರಂತೆ. ನಿಮ್ಮ ಮಾತನ್ನೂ ಭಾನು ಮೇಡಂ ಅವರಿಗೆ ಕಳಿಸಿದರು.

ಪುಣಜನೂರಿನವರಿಗೆ ಹೊಲದ ವಿಷಯ ಹೇಳಿದೆ. ಹುಡುಗ, ‘ಬೇಕಾದರೆ ನಾನೇ ಬಸ್ಸು ಹತ್ತಿಸಿ ಬರುತ್ತೇನೆ’ ಎಂದ. ಇನ್ನೂ ಒಪ್ಪಿಲ್ಲ. ಆದರೆ ಅವನ ಆ ಮಾತು ಮನಸ್ಸಿನಲ್ಲಿ ಉಳಿದಿದೆ.

ಪ್ರಸಾದ್‌ಗೆ ಒಂದು ಕಲ್ಲು ಆರಿಸಿಟ್ಟಿದ್ದೇನೆ. ನಮ್ಮ ಚಾಮರಾಜನಗರದ್ದೇ, ಒಂದು ಗೆರೆಯೂ ಇಲ್ಲದ ಕಪ್ಪು. ಮೇಲೆ ಲಿಂಗ, ಕೆಳಗೆ ಹೆಸರು. ನಾನು ಕಾಗದದ ಮೇಲೆ ಹೀಗೆ ಬರೆದುಕೊಂಡಿದ್ದೇನೆ: ‘ಬಸವಪ್ರಸಾದ್, ಬೇಗೂರಿನ ಮರಿಮಲ್ಲಪ್ಪ, ಚಿಕ್ಕಮಲ್ಲಮ್ಮ ಇವರ ಮಗ’, ಅದರ ಕೆಳಗೆ ಹುಟ್ಟಿದ, ಹೋದ ತಾರೀಕು. ಅತ್ತೆಯ ಹೆಸರೂ ಇರಲಿ ಎಂದು ಸೇರಿಸಿದೆ. ನನ್ನ ಹೆಸರು ಬೇಡ. ನಿಮ್ಮ ಹಿರಿಯರ ಕಲ್ಲುಗಳಲ್ಲಿ ಹೆಂಡತಿಯ ಹೆಸರು ಹಾಕುವ ವಾಡಿಕೆ ಇಲ್ಲ ಎಂದು ನನಗೆ ಗೊತ್ತು. ಪತ್ರೆ ಹಾಕುವುದಕ್ಕೆ ಕರೆದಿರಿ, ಅಷ್ಟೇ ಸಾಕು. ನೀವು ಸರಿ ಎಂದರೆ ಕೊರೆಯುತ್ತೇನೆ.

ರಂಜಿನಿ

*

ಬೇಗೂರು
30 ಅಕ್ಟೋಬರ್ 2025

ನನ್ನ ಸೊಸೆ ರಂಜಿನಿಗೆ ಆಶೀರ್ವಾದ.

ಕಾರ್ತಿಕ ಸೋಮವಾರ, ಹತ್ತನೇ ತಾರೀಕು ಒಳ್ಳೆಯ ದಿನ. ಕಲ್ಲು ಹೊರುವುದಕ್ಕೆ ಅಳಿಯನ ಟೆಂಪೋ ಉಡಿಗಾಲಕ್ಕೇ ಬರುತ್ತೆ. ನಿಮ್ಮವ್ವನನ್ನೂ ಕನಕರಾಜುವನ್ನೂ ಕರೆದುಕೊಂಡು ಬಾ. ಆ ಬಸ್ಸು ಹತ್ತಿಸೋ ಹುಡುಗ ಬಂದರೆ ಅವನೂ ಬರಲಿ, ಊಟಕ್ಕೆ ಎಲೆ ಜಾಸ್ತಿಯಾಗಲ್ಲ.

ನೀನು ಬರೆದದ್ದನ್ನು ದಾನೇಶ್ವರಿ ಎಲ್ಲರ ಮುಂದೆ ಓದಿದಳು. ನಾನು ಅದನ್ನು ಹೀಗೆ ತಿದ್ದಬೇಕು ಅಂದೆ. ನನ್ನ ಅಕ್ಕ ದೊಡ್ಡಮಲ್ಲಮ್ಮ ಎದ್ದು ನಿಂತು, “ಇದೆಲ್ಲಾರಾ ಉಂಟಾ, ಊರೋರ್ ನಗ್ತಾರೆ ಕಣ್ಲಾ” ಅಂತ ಶುರುಮಾಡಿದಳು. ತುಟಿ ನೋಡಿ ಅಷ್ಟು ಗೊತ್ತಾಯಿತು. ಮಿಕ್ಕಿದ್ದು ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ.

ತಾರೀಕು ಇರಲಿ. ಲಿಂಗ ಇರಲಿ. ನನ್ನ ಹೆಸರು ತೆಗೆ. ಚಿಕ್ಕಮಲ್ಲಮ್ಮನ ಹೆಸರು ನೀನು ನೆನೆಸಿಕೊಂಡದ್ದೇ ಸಾಕು, ಅದನ್ನೂ ತೆಗೆ. ಅವನು ನಮ್ಮ ಮಗ ಅಂತ ಕಲ್ಲಿನಲ್ಲಿ ಕೊರೆಯಬೇಕಾಗಿಲ್ಲ. ನಮ್ಮ ಹೊಲದ ಸಮಾಧಿಯಲ್ಲಿ ಕೂತಿದ್ದಾನೆ, ಬೇಗೂರಿನ ಮಕ್ಕಳಿಗೂ ಗೊತ್ತು. ಹೋಗಿ ಬರೋ ಜನಕ್ಕೆ ಗೊತ್ತಿಲ್ಲದೆ ಇರೋದನ್ನು ಬರಿ.

‘ಬಸವಪ್ರಸಾದ್, ರಂಜಿನಿಯ ಗಂಡ’ ಅಂತ ಬರಿ.

ಮರಿಮಲ್ಲಪ್ಪ